ಕಲೆ ತೊಳೆಯಲು ಬಂದವನು

ನಾಣ್ಯದಂಗಡಿಯ ಅಕ್ಕನಿಗೆ ಗಿರಾಕಿಗಳು ಕೇಳುವುದು ಒಂದೇ ಪ್ರಶ್ನೆ: "ತೊಳೀಬಹುದಾ?" ಅವಳ ಉತ್ತರವೂ ಒಂದೇ, ಕಡ್ಡಿ ಮುರಿದಂತೆ: "ಬೇಡ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ಅಂಚು ಹಿಡಿದು ಎತ್ತಿ, ಮೆತ್ತನೆ ಬಟ್ಟೆ ಮೇಲಿಟ್ಟು ಒತ್ತಿ. ಉಜ್ಜಿದಿರೋ, ಕೆಟ್ಟಿರಿ."

ಇದನ್ನು ಅವಳಿಗೆ ಕಲಿಸಿದವರು ಮೇಷ್ಟ್ರು. ಮದುವೆಯ ಗೋಜಿಗೇ ಹೋಗದೆ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮನುಷ್ಯ. ವಾರಕ್ಕೊಮ್ಮೆ ಅಂಗಡಿಗೆ ಬರುವುದನ್ನು ತಪ್ಪಿಸಿದವರಲ್ಲ. ಚಿಕ್ಕಂದಿನಲ್ಲಿ ಅಜ್ಜನ ಬೆಳ್ಳಿ ನಾಣ್ಯಕ್ಕೆ ಪೇಸ್ಟ್ ಹಚ್ಚಿ ತಿಕ್ಕಿ ಅದರ ಮೇಲಿದ್ದ ರಾಜನ ಮೂಗನ್ನೇ ಸವೆಸಿದ್ದರಂತೆ. "ಪಾಪ, ಇವತ್ತಿಗೂ ಉಸಿರಾಡೋಕೆ ಒದ್ದಾಡ್ತಿದಾನೆ" ಎಂದು ನಗುತ್ತಿದ್ದರು. ಈಗ ಅವರ ಬಳಿ ಒಂದು ಪುಸ್ತಕವಿತ್ತು. ಪ್ರತಿ ನಾಣ್ಯದ ಫೋಟೊ, ಪಕ್ಕದಲ್ಲೇ ಅದರ ಕಲೆ, ಬಣ್ಣದ ವಿವರ. "ಮನುಷ್ಯರಿಗೆ ಮಚ್ಚೆ ಇದ್ದ ಹಾಗೆ ಕಣಮ್ಮ. ಅದರಿಂದಲೇ ಗುರುತು."

ಹತ್ತು ದಿನದಿಂದ ಮೇಷ್ಟ್ರ ಸುಳಿವಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಅವರ ತಮ್ಮನ ಮಗ ಬಂದು, ದೊಡ್ಡಪ್ಪನ ಹಸಿರು ತಗಡಿನ ಪೆಟ್ಟಿಗೆಯನ್ನು ಗಾಜಿನ ಮೇಜಿನ ಮೇಲಿಟ್ಟ.

"ಎಲ್ಲಾ ಫಳಫಳ ಅನ್ನಬೇಕು ಅಕ್ಕಾ. ಒಂದು ಕಲೆಯೂ ಉಳೀಬಾರದು."

"ಮೇಷ್ಟ್ರು ಎಲ್ಲಿ?"

"ಸ್ನೇಹಿತರ ಮನೇಗೆ ಹೋಗಿದಾರೆ. ಅವರೇ ಹೇಳಿ ಕಳಿಸಿದ್ದು."

ಮೇಷ್ಟ್ರ ಬಾಯಲ್ಲಿ ಆ ಮಾತು ಸತ್ತರೂ ಬರದು. ಅಕ್ಕ ಪೆಟ್ಟಿಗೆಯಿಂದ ಒಂದು ನಾಣ್ಯ ತೆಗೆದು ನೀರಿನ ಬಟ್ಟಲಿಗೆ ಇಳಿಸುತ್ತಾ, ಆದಷ್ಟು ಸಲೀಸಾಗಿ ಹೇಳಿದಳು: "ಇದು ನೆನೀಬೇಕು. ಪೆಟ್ಟಿಗೆ ಇಲ್ಲೇ ಇರಲಿ, ನಾಳೆ ಬಾ."

"ನೆನೆಸೋದಲ್ಲ, ಉಜ್ಜಿ. ನನ್ನ ಕಣ್ಣೆದುರೇ."

"ಉಜ್ಜಿದರೆ ಬೆಲೆ ಹೋಗುತ್ತಪ್ಪ."

"ಹೋಗಲಿ."

ನಾಣ್ಯ ಇಟ್ಟುಕೊಂಡವರು ಯಾರೂ ಹಾಗೆ ಹೇಳುವುದಿಲ್ಲ. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಬೆರಳು ಬಟ್ಟಲಿಗೆ ಹಾಕಿ, ನೀರು ಸೋರುತ್ತಿದ್ದಂತೆಯೇ ನಾಣ್ಯವನ್ನು ಜೇಬಿಗಿಳಿಸಿದ. "ಪಾತ್ರೆ ಪಾಲಿಶ್ ಮಾಡೋರು ಬೇಕಾದಷ್ಟು ಜನ ಇದಾರೆ. ನೀವು ನಿಮ್ಮ ಪಾಡಿಗೆ ಅಂಗಡಿ ನೋಡ್ಕೊಳ್ಳಿ" ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟ. ಆ ಕೊನೆಯ ಮಾತು ಬುದ್ಧಿವಾದದಂತೆ ಕೇಳಿಸಲಿಲ್ಲ.

ಅವನು ಬೀದಿ ತಿರುಗಿದ್ದೇ ತಡ, ಅವಳು ಪಕ್ಕದ ಗಡಿಯಾರ ರಿಪೇರಿಯವರನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಓಡಿದಳು. ಬಾಗಿಲಿಗೆ ಹೊಸ ಬೀಗ. ಮೆಟ್ಟಿಲ ಮೇಲೆ ಒಂಬತ್ತು ದಿನದ ಪತ್ರಿಕೆ. ಆದರೂ ಒಳಗೆ ಫ್ಯಾನ್ ತಿರುಗುವ ಸದ್ದು.

"ಮೇಷ್ಟ್ರೇ!"

ಹಿತ್ತಲ ಕಡೆಯಿಂದ, ಲೋಟವನ್ನು ಗೋಡೆಗೆ ಕುಟ್ಟಿದಂಥ ಸಣ್ಣ ಶಬ್ದ.

ಪೊಲೀಸರು ಬಂದು ಬಾಗಿಲು ಒಡೆದರು. ಸಾಮಾನಿನ ಕೋಣೆಯಲ್ಲಿ ಮೇಷ್ಟ್ರು ಬಿದ್ದಿದ್ದರು, ತೊಡೆಯ ಮೂಳೆ ಮುರಿದು, ತುಟಿ ಒಡೆದು. ಪೆಟ್ಟಿಗೆಯ ಕೀಲಿ ಕೊಡದಿದ್ದಕ್ಕೆ ತಮ್ಮನ ಮಗ ತಳ್ಳಿದ್ದನಂತೆ. ಬಿದ್ದವರನ್ನು ಅಲ್ಲೇ ಕೂಡಿಹಾಕಿ, ದಿನಕ್ಕೊಮ್ಮೆ ನೀರು, ಬ್ರೆಡ್ಡು ಎಸೆಯುತ್ತಿದ್ದ. ಅಡುಗೆಮನೆಯ ಸಿಂಕಿನಲ್ಲಿ ಸುಟ್ಟ ಕಾಗದದ ಬೂದಿ. ನಾಣ್ಯಗಳ ಗುರುತು ಬರೆದಿಟ್ಟ ಆ ಪುಸ್ತಕದ ಹೊಲಿಗೆ ದಾರವೊಂದು ಉಳಿದಿತ್ತು, ಅಷ್ಟೇ.

ಹುಡುಗ ಸಿಗಲಿಲ್ಲ.

ಮೇಷ್ಟ್ರು ಬದುಕಿಕೊಂಡರು. ನಾಲ್ಕು ತಿಂಗಳಾದ ಮೇಲೆ, ಅಪರಿಚಿತರು ಒಬ್ಬೊಬ್ಬರಾಗಿ ಅಂಗಡಿಗೆ ಬೆಳ್ಳಿ ನಾಣ್ಯ ಮಾರಲು ತರತೊಡಗಿದರು. ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಯಾರನ್ನು ಕೇಳಿದರೂ ಸಂತೆಯಲ್ಲಿ ಕೊಂಡೆ ಎನ್ನುವವರೇ. ಒಂದು ದಿನ ಅಕ್ಕ ಅಂಥ ಮೂರು ನಾಣ್ಯಗಳನ್ನು ಊರುಗೋಲು ಹಿಡಿದು ಬಂದ ಮೇಷ್ಟ್ರ ಮುಂದಿಟ್ಟಳು. ಅವರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ನಿಮ್ಮದೇನಾ?"

"ಇರಬಹುದು" ಎಂದರು ಮೇಷ್ಟ್ರು. ಮಸೂರ ಕೆಳಗಿಟ್ಟರು. "ಅಲ್ಲದೆಯೂ ಇರಬಹುದು. ನಂಗೇ ಗೊತ್ತಾಗ್ತಿಲ್ವಲ್ಲಮ್ಮ."

ಹೊರಗೆ, ಎದುರಿನ ಫುಟ್‌ಪಾತಿನಲ್ಲಿ, ಆ ಮೂರು ನಾಣ್ಯ ತಂದು ಬೆಲೆಗೆ ಕಾಯುತ್ತಿದ್ದವನು ಅಂಗಡಿಯತ್ತಲೇ ನೋಡುತ್ತಾ ಯಾರಿಗೋ ಫೋನ್ ಮಾಡುತ್ತಿದ್ದ. ಅಕ್ಕ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದಳು.