ಜರಡಿ ಹಿಡಿದ ಮಣ್ಣು

ಮೊದಲು ಅಡುಗೆಮನೆಯ ಕಿಟಕಿಯಿಂದ ವಿಸ್ವಾ ಹೊಳೆ ಕಾಣುತ್ತಿತ್ತು. ಆಮೇಲೆ ದೋಣಿಗಳ ಪಟದ ತುದಿಯಷ್ಟೇ ಉಳಿಯಿತು. ಈಗ ಕಿಟಕಿ ತೆರೆದರೆ ಕೆಂಪು ಇಟ್ಟಿಗೆ. ದಂಗೆಯ ನಾಯಕ ಕೊಶ್ಚುಷ್ಕೊನ ನೆನಪಿಗೆ ಜನ ಮಣ್ಣು ಸುರಿದು ಮಾಡಿದ್ದ ಗುಡ್ಡವನ್ನು ನಡುವೆ ಹಾಕಿಕೊಂಡು ಆಸ್ಟ್ರಿಯಾದವರು ಸುತ್ತಲೂ ಕೋಟೆ ಎಬ್ಬಿಸುತ್ತಿದ್ದರು. ಗುಡ್ಡದ ಬುಡದ ಈ ಗುಡಿಸಲು, ಅದರಲ್ಲಿದ್ದ ಅಪೊಲೋನಿಯಾ, ಅವಳ ಅಜ್ಜಿ ಸಲೋಮೆಯಾ, ಎಲ್ಲವೂ ಆ ಗೋಡೆಯ ಒಳಗೆ ಸೇರಿಹೋಗಿದ್ದವು.

ಗುಡ್ಡದ ಹುಲ್ಲು ಕೊಯ್ದು, ಮಳೆಗೆ ಕುಸಿದಲ್ಲಿ ಮಣ್ಣು ಮೆತ್ತಿ ನೋಡಿಕೊಳ್ಳಲೆಂದು ಅಪೊಲೋನಿಯಾಳ ಅಪ್ಪನಿಗೆ ಕೊಟ್ಟಿದ್ದ ಮನೆ ಅದು. ಅಪ್ಪ ಹೋಗಿ ಆರು ವರ್ಷ. ಈಗ ಕೋಟೆಯ ಅಧಿಕಾರಿ ಹೇಳಿ ಕಳಿಸಿದ್ದ: ಸಂತ ಮಾರ್ಟಿನನ ಹಬ್ಬದೊಳಗೆ ಹೋಗುವವರು ಹೋಗಬಹುದು. ಉಳಿದವರು ಸಿಪಾಯಿಗಳ ಬಟ್ಟೆ ಒಗೆದುಕೊಂಡು ಒಳಗೇ ಇರಬೇಕು. ಹೆಬ್ಬಾಗಿಲು ಕೂರಿಸಿದ ಮೇಲೆ ಅಪ್ಪಣೆಯಿಲ್ಲದೆ ಹೊರಗೆ ಕಾಲಿಡುವಂತಿಲ್ಲ.

ಹೊಳೆದಂಡೆಯ ಹಳ್ಳಿಯಲ್ಲಿ ಮರಳಿನ ದೋಣಿ ನಡೆಸುವ ಕಾಸ್ಪೆರ್ ಅವಳಿಗಾಗಿ ಎರಡು ವರ್ಷದಿಂದ ಕಾದಿದ್ದ. "ಗೋಡೆಯೊಳಗಿನ ಹುಡುಗೀನ ಕಟ್ಕೊಂಡು ನಾನೇನು ಗುಂಡು ಹೊಡೆಯೋ ಕಿಂಡೀಲಿ ಸಂಸಾರ ಮಾಡ್ಲಾ?" ಎಂದು ನಕ್ಕಿದ್ದ. ನಗುವಿನ ಕೊನೆ ಅಷ್ಟು ಚೆನ್ನಾಗಿರಲಿಲ್ಲ. "ಅಜ್ಜೀನೂ ಕರ್ಕೊಂಡು ಬಾ. ಆದ್ರೆ ಹಬ್ಬದೊಳಗೆ ಬಾ."

ಅಜ್ಜಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ನಿನ್ನ ತಾತನ್ನ ಇಲ್ಲಿ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಆ ಕಥೆ ಕೇಳುತ್ತಲೇ ಅಪೊಲೋನಿಯಾ ಬೆಳೆದಿದ್ದಳು. ತಾತ ಕುಡುಗೋಲು ಹಿಡಿದು ಕೊಶ್ಚುಷ್ಕೊನ ಹಿಂದೆ ರಷ್ಯನ್ನರ ಮೇಲೆ ಯುದ್ಧಕ್ಕೆ ಹೋದದ್ದು, ರಾತ್ಸ್ಲಾವಿತ್ಸೆಯ ಬಯಲಲ್ಲಿ ಬಿದ್ದದ್ದು, ಗೋರಿಯೂ ಇಲ್ಲದೆ ಉತ್ತ ಹೊಲದಲ್ಲೇ ಸೇರಿಹೋದದ್ದು. ಎಷ್ಟೋ ವರ್ಷದ ಮೇಲೆ, ನಾಯಕನ ಹೆಸರಲ್ಲಿ ಗುಡ್ಡ ಏಳುತ್ತದೆ, ಅವನು ಕಾದಿದ ಬಯಲುಗಳ ಮಣ್ಣು ತನ್ನಿ ಎಂದಾಗ ಅಜ್ಜಿ ಅಲ್ಲಿಗೆ ನಡೆದೇ ಹೋಗಿ ತಲೆವಸ್ತ್ರದ ತುಂಬ ಮಣ್ಣು ಕಟ್ಟಿ ತಂದಿದ್ದಳು. "ಹಿಟ್ಟಿನ ಹಾಗಿತ್ತು ಕಣೇ, ಒಂದು ಕಲ್ಲಿರಲಿಲ್ಲ" ಎನ್ನುತ್ತಿದ್ದಳು. ಅದನ್ನು ಗುಡ್ಡದ ನಡುವಿನ ಗುರುತಿಗೆಂದು ನೆಟ್ಟಿದ್ದ ಕಂಬದ ಬುಡಕ್ಕೆ ಸುರಿದಳು. ಅದರ ಮೇಲೆ ಇಡೀ ಕ್ರಾಕುಫ್ ಪಟ್ಟಣ, ದೊರೆಸಾನಿಯಿಂದ ಹಿಡಿದು ಭಿಕ್ಷುಕನವರೆಗೆ, ಮೂರು ವರ್ಷ ಮಣ್ಣು ಸುರಿಯಿತು. ಮೇಲೆ ಹಾಕಿದ್ದರೆ ಸಿಗುತ್ತಿತ್ತೇನೋ. ಎಲ್ಲರಿಗಿಂತ ಮೊದಲು ಹಾಕಿ ಅಜ್ಜಿ ಗಂಡನನ್ನು ಒಂದು ಗುಡ್ಡದ ಅಡಿಗೆ ಹೂತಿದ್ದಳು.

"ಆ ಮಣ್ಣು ಹೊರಗೆ ಬಂದ್ರೆ ಬರ್ತೀಯಾ?" ಹುಡುಗಿ ಕೇಳಿದಳು.

"ಬಂದ್ರೆ ಯಾಕೆ ಬರಲ್ಲ. ತರೋರು ಯಾರು?"

ಮಧ್ಯಾಹ್ನ ಅಜ್ಜಿ ಒರಗಿದಾಗ ಅಪೊಲೋನಿಯಾ ಹಿತ್ತಿಲಿಗೆ ಹೋದಳು. ಆಲೂಗಡ್ಡೆ ಕಿತ್ತ ಪಾತಿ ಸಡಿಲವಾಗಿತ್ತು. ಹಿಟ್ಟಿನ ಜರಡಿ ತಂದು, ಬೊಗಸೆ ಬೊಗಸೆ ಮಣ್ಣು ಹಾಕಿ ಆಡಿಸಿದಳು. ಸುಣ್ಣಕಲ್ಲಿನ ಚೂರು, ಬೇರು, ಒಂದು ಎರೆಹುಳು ಮೇಲೆ ಉಳಿದವು. ಕೆಳಗೆ ಬಿದ್ದ ನುಣ್ಣನೆಯ ರಾಶಿಯನ್ನು ತಲೆವಸ್ತ್ರದಲ್ಲಿ ಗಂಟು ಕಟ್ಟಿ, ಅಜ್ಜಿ ಎದ್ದಾಗ ಅವಳ ಮುಂದೆ ಬಿಚ್ಚಿಟ್ಟಳು.

"ಅಜ್ಜಿ, ಕೋಟೆಯವರು ತಳಪಾಯಕ್ಕೆ ಅಂತ ಆ ಕಂಬದವರೆಗೂ ಅಗೆದಿದಾರೆ. ನೋಡು."

ಅಜ್ಜಿಗೆ ನೋಡಲು ಕಣ್ಣಿರಲಿಲ್ಲ. ಬೆರಳಿಂದ ತಿಕ್ಕಿದಳು. ಬಹಳ ಹೊತ್ತು ತಿಕ್ಕಿದಳು.

"ಹಿಟ್ಟಿನ ಹಾಗೇ ಇದೆ," ಎಂದು ಅಜ್ಜಿ ಪೆಟ್ಟಿಗೆ ಕಟ್ಟಲು ಎದ್ದಳು.

ಹಬ್ಬದ ಹಿಂದಿನ ದಿನ ಇಬ್ಬರೂ ಕೋಟೆಯ ಬಾಗಿಲ ಬಳಿ ಬಂದರು. ಕಾವಲಿಗಿದ್ದ ಚೆಕ್ ದಫೇದಾರ ಗಂಟನ್ನು ಬಿಚ್ಚಿಸಿದ.

"ಗುಡ್ಡದ ಮಣ್ಣು ಒಯ್ಯೋ ಹಾಗಿಲ್ಲಮ್ಮ. ಹುಕುಂ ಆಗಿದೆ. ಪೂಜೆಗೆ ಅಂತ ಎಲ್ರೂ ಹಿಡಿ ಹಿಡಿ ಹೊತ್ಕೊಂಡು ಹೋದ್ರೆ ನಾವು ಯಾವುದಕ್ಕೆ ಕಾವಲು ಕೂರೋದು?"

"ಹಾಗಾದ್ರೆ ನಾನೂ ಹೋಗಲ್ಲ," ಎಂದು ಅಜ್ಜಿ ಅಲ್ಲೇ ಹಿಂದಕ್ಕೆ ತಿರುಗಿದಳು.

ಅವನು ಮಣ್ಣನ್ನು ಚೆಲ್ಲಿಬಿಡಲಿ ಎಂದು ಅಪೊಲೋನಿಯಾಳ ಒಳಗೇ ಒಂದು ಆಸೆ ಎದ್ದಿತ್ತು. ಚೆಲ್ಲಿದರೆ ಸುಳ್ಳೂ ಹೋಗುತ್ತಿತ್ತು. ಆದರೆ ಹೊರಗೆ ಗಾಡಿಯ ಪಕ್ಕ ಕಾಸ್ಪೆರ್ ನಿಂತಿದ್ದ. ಅವನ ಹಿಂದೆ ಹೊಳೆ, ಇಡೀ ಹೊಳೆ, ಕಾಣುತ್ತಿತ್ತು. ಅವಳು ಕಲ್ಲಿನ ಮೇಲೆ ಮಂಡಿಯೂರಿದಳು.

"ಯಜಮಾನ್ರೇ, ಅದು ನನ್ನ ತಾತ. ಬೇರೆ ಗೋರಿ ಇಲ್ಲ ಅವರಿಗೆ. ನಿಮ್ಮ ತಾಯಿ ಆಣೆ, ಬಿಟ್ಟುಬಿಡಿ."

ದಫೇದಾರ ಒಂದು ಚಿಟಿಕೆ ತೆಗೆದು ಮೂಗಿಗೆ ಹಿಡಿದ. ರೈತರ ಮಗನೇ ಇರಬೇಕು. "ಆಲೂಗಡ್ಡೆ ಪಾತಿ ವಾಸನೆ," ಎಂದ.

"ನಿನ್ನ ಮೂಗಿಗೆ ಹೊಟ್ಟೆ ಚಿಂತೆ," ಎಂದಳು ಅಜ್ಜಿ.

ಅವನು ಅಪೊಲೋನಿಯಾಳ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. ಗಂಟು ಕಟ್ಟಿ ಅವಳ ಕೈಗಿಟ್ಟು, "ಬೇಗ ಹೋಗಿ," ಎಂದು ಬೇರೆ ಕಡೆ ತಿರುಗಿದ.

ಕಾಸ್ಪೆರ್ ಹಳ್ಳಿಯ ಸ್ಮಶಾನದಲ್ಲಿ ಮೊದಲೇ ಗುಳಿ ತೋಡಿಟ್ಟಿದ್ದ. ಶಿಲುಬೆಯನ್ನೂ ಮಾಡಿಸಿದ್ದ, ದೋಣಿಯ ಹಲಗೆಯದು. ಅಜ್ಜಿ ಮಣ್ಣನ್ನು ಸ್ವಲ್ಪವೂ ಚೆಲ್ಲದ ಹಾಗೆ ಸುರಿದು, ವಸ್ತ್ರವನ್ನು ಕೊಡವಿ, ಕೂತಳು.

"ನನ್ನನ್ನೂ ಇಲ್ಲೇ ಮಲಗಿಸಿ. ಅಪೊಲೋನಿಯಾ, ಆಮೇಲೆ ನಿನ್ನನ್ನೂ. ವರ್ಷ ವರ್ಷ ಸತ್ತವರ ಹಬ್ಬಕ್ಕೆ ಮಕ್ಕಳನ್ನ ಕರ್ಕೊಂಡು ಬಂದು ದೀಪ ಹಚ್ಚು. ಈ ಕಥೆ ಹೇಳು ಅವಕ್ಕೆ. ನನಗಿಂತ ಚೆನ್ನಾಗಿ ಹೇಳ್ತೀಯ ನೀನು."

"ಹೇಳ್ತೀನಿ ಅಜ್ಜಿ."

"ಈಗ ತಾತನ ಹತ್ರ ಏನಾದ್ರೂ ಮಾತಾಡು. ಇಷ್ಟು ವರ್ಷ ಯಾರೂ ಮಾತಾಡ್ಸಿಲ್ಲ ಅವರನ್ನ."

ಕಾಸ್ಪೆರ್ ಟೋಪಿ ತೆಗೆದು ಕಾದು ನಿಂತ. ಅಪೊಲೋನಿಯಾ ಆ ನುಣ್ಣನೆಯ ಮಣ್ಣಿನ ಮುಂದೆ ಬಗ್ಗಿದಳು. ಅಜ್ಜಿ ಕೇಳಿಸಿಕೊಳ್ಳಲೆಂದು ಕಿವಿ ಹತ್ತಿರ ತಂದಳು.

"ತಾತ," ಎಂದು ಹುಡುಗಿ ಶುರು ಮಾಡಿದಳು.