ದೀಪ ಹಚ್ಚಿದ ಮೇಲೆ ಹೆಪ್ಪು

ಗೋಡೆಯಾಚೆ ಮತ್ತೆ ಆ ಸದ್ದು, ಒದ್ದೆ ಬಟ್ಟೆ ಒಗೆದಂತೆ, ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ, ಅದು ಅಪೇಕ್ಷಾಳ ಕೈ, ಮಗಳು ಅನ್ವಿತಾಳ ಮೈ — ನೀ ಒಬ್ಬಾಕಿ ಇರದಿದ್ರ ನಾ ಎಲ್ಲ್ಯಾರ ಹೋಗ್ತಿದ್ದೆ, ವಿಜಯಪುರದ ಕನ್ನಡ, ಮಗು ಮರಾಠಿಯಲ್ಲಿ ಅಳುತ್ತದೆ, ನಕೋ ಆಯಿ, ನಕೋ, ಬೇಡಮ್ಮ ಬೇಡ ಅಂತ, ತಾಯಿಯ ಭಾಷೆ ಅದಕ್ಕೆ ಬೈಗುಳವಾಗಿಯೇ ಅರ್ಥವಾಗುತ್ತದೆ, ನಿನ್ನೆ ಫ್ಯಾನ್ ಜೋರು ಮಾಡಿ ಮಲಗಿದೆ, ಇವತ್ತು ಕರೆಂಟಿಲ್ಲ, ದಂಡಿನೂರು ದೇವಳಾಲಿ ಕ್ಯಾಂಪಿನ ಈ ಬಾಡಿಗೆ ಸಾಲುಮನೆಗಳಲ್ಲಿ ಕರೆಂಟು ಹೋದರೆ ಎಲ್ಲರಿಗೂ ಎಲ್ಲವೂ ಕೇಳುತ್ತದೆ, ಯಾರೂ ಬಾಗಿಲು ತೆಗೆಯುವುದಿಲ್ಲ, ಅವಳ ಗಂಡ ಗಡಿಯಲ್ಲಿದ್ದಾನೆ, ನನ್ನ ವರುಣ ಎಲ್ಲಿಯೂ ಇಲ್ಲ — ಬ್ಯಾಂಕು ಸಿಲ್ಲೋಡ್ ಶಾಖೆಗೆ ಕಳಿಸಿತ್ತು, ಅಲ್ಲಿನ ರಸ್ತೆಯಲ್ಲಿ ಬೈಕು, ಲಾರಿ, ಮರಳಿ ಬಂದ ಊಟದ ಡಬ್ಬಿ, ಉಂಡು ತೊಳೆದಿಟ್ಟಿದ್ದ — ಸಂಭಾಜಿನಗರದಲ್ಲಿ ಸಮಾಜಕಾರ್ಯ ಓದುವಾಗ ನಿರುಪಮಾ ಮೇಡಂ ಹೇಳುತ್ತಿದ್ದರು, ಹೊಡೆಯುವ ತಾಯಿಯ ಬಾಗಿಲಿಗೆ ತಪ್ಪು ಹೊರಿಸಲು ಹೋಗಬೇಡಿ, ಏನಾದರೂ ಕೇಳಿಕೊಂಡು ಹೋಗಿ, ಪರೀಕ್ಷೆಯಲ್ಲಿ ಅದನ್ನೇ ಬರೆದಿದ್ದೆ — ಏನು ಕೇಳಲಿ, ಕಪಾಟಿನಲ್ಲಿ ಹೆಪ್ಪಿನ ಬಟ್ಟಲು, ವರುಣ ಹೋದ ಮೇಲೆ ಈ ಮನೆಯಲ್ಲಿ ಮೊಸರಾಗಿಲ್ಲ, ಹಾಲೇ ಇಲ್ಲ, ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಬಾರದು, ಅದೂ ಗಂಡ ಸತ್ತವಳು, ಸೈನಿಕನ ಹೊಸ್ತಿಲಲ್ಲಿ, ನನಗೂ ಗೊತ್ತು, ಅವಳಿಗೂ ಗೊತ್ತು, ಮತ್ತೆ ಆ ಸದ್ದು, ಕಾಲು ಹೊರಗಿದೆ, ಬಟ್ಟಲು ತಣ್ಣಗಿದೆ, ಬಾಗಿಲು ಬಡಿಯುತ್ತೇನೆ, ಸದ್ದು ನಿಲ್ಲುತ್ತದೆ, ಮೇಣದಬತ್ತಿ ಹಿಡಿದ ಅಪೇಕ್ಷಾ, ಕೂದಲು ಬಿಚ್ಚಿದೆ, ಚೂರು ಹೆಪ್ಪು ಕೊಡ್ರಿ ಅನ್ನುತ್ತೇನೆ, ಅವಳ ಕಣ್ಣು ಬಟ್ಟಲಿನ ಮೇಲೆ, ಅಕ್ಕಾರ, ಈ ಹೊತ್ತಿನ್ಯಾಗ ಹೆಪ್ಪು ಯಾರರ ಕೊಡ್ತಾರೇನ್ರಿ, ಓದಿದವ್ರು ನೀವು — ನಕ್ಕಳೇನೋ, ಅವಳ ಹಿಂದೆ ಅನ್ವಿತಾ, ತೊಡೆಯ ಮೇಲೆ ಬೆರಳುಗಳು ಕೆಂಪಗೆ ಮೂಡಿವೆ, ನನ್ನ ಬಾಯಿ ತಾನಾಗಿ ಹೇಳುತ್ತದೆ, ಹೆಪ್ಪು ಬ್ಯಾಡ್ರಿ, ಈಕಿನ್ನ ಕೊಡ್ರಿ, ಒಂದ್ ತಾಸು, ದಿನಾ ಒಂದ್ ತಾಸು, ನನ್ನ ಮನ್ಯಾಗ ಯಾರೂ ಇಲ್ಲ, ನೀವು ಮಲಕೋರಿ — ಕರಗಿದ ಮೇಣ ಅವಳ ಬೆರಳಿಗೆ ಇಳಿಯುತ್ತಿದೆ, ಅವಳಿಗೆ ಗೊತ್ತಾಗುತ್ತಿಲ್ಲ, ನನಗೂ ಹೀಗೇ, ಏನೂ ಸುಡುವುದಿಲ್ಲ, ಮಲಗೇ ಇಲ್ರೀ ಅಕ್ಕಾ, ಎಷ್ಟ್ ದಿನಾತೋ, ಎಂದು ಬಾಗಿಲಿನಿಂದ ಒಂದಿಷ್ಟು ಸರಿಯುತ್ತಾಳೆ, ಒಂದು ಮಗು ದಾಟುವಷ್ಟು, ಅನ್ವಿತಾ ಅವಳ ಮುಖ ನೋಡಿ, ನನ್ನ ಮುಖ ನೋಡಿ, ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಳ್ಳುತ್ತಾಳೆ, ತುಂಬಿದ್ದನ್ನು ಹಿಡಿದಂತೆ, ಉಸಿರು ಬಿಗಿದು, ಮೆಲ್ಲಗೆ ಹೆಜ್ಜೆಯಿಡುತ್ತ, ನನ್ನ ಕತ್ತಲ ಮನೆಯತ್ತ — ಖಾಲಿ ಬಟ್ಟಲು, ಚೆಲ್ಲದಂತೆ