ಚೀಟಿಯ ಮೇಲೆ ಚೀಟಿ

ನೀಲಿ ನಿಲುವಂಗಿಯ ಕಾಲರಿಗೆ ನೀರು ಚಿಮುಕಿಸಿ ತಂಗಿ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಅದೇ ಮಡಿಕೆಗೆ ಇದು ಮೂರನೆಯ ಸಲ. ಹಾಲ್‌ನಲ್ಲಿ ಅಕ್ಕ ಬಿಳಿ ಹೊದಿಕೆಯಡಿ ಮಲಗಿದ್ದಳು. ಅರವತ್ತು ವರ್ಷ ಬಾಳಿ, ಆಸ್ಪತ್ರೆಯಲ್ಲಿ ಮೂರೇ ದಿನ ಇದ್ದು, ಯಾರ ಕೈಲೂ ಸೇವೆ ಮಾಡಿಸಿಕೊಳ್ಳದೆ ಹೊರಟುಬಿಟ್ಟಿದ್ದಳು. ಎರಡು ಗಂಟೆಗೆ ಗಾಡಿ ಬರುತ್ತದೆ. ಅಷ್ಟರೊಳಗೆ ಅವಳಿಗೆ ಈ ನಿಲುವಂಗಿ ತೊಡಿಸಿ ಮರದ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಸುಕ್ಕುಬಿದ್ದ ಬಟ್ಟೆ ಅಕ್ಕನಿಗೆ ಮೊದಲಿನಿಂದಲೂ ಆಗದು.

ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಅಕ್ಕನ ಮಗಳು ಒಳಗೆ ಬಂದಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಅತ್ತು ಅತ್ತು ಮೂಗು ಕೆಂಪಾಗಿದ್ದರೂ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬೆಳಗಿನಿಂದ ಕೈಬಿಟ್ಟಿರಲಿಲ್ಲ. ಈಗ ಪಟ್ಟಿಯ ಜೊತೆಗೆ ಒಂದು ರಟ್ಟಿನ ಡಬ್ಬವೂ ಇತ್ತು. ಔಷಧಿ ಸೀಸೆಗಳು ತುಂಬಿ ಬರುವಂಥ ಡಬ್ಬ, ಬ್ಯಾಂಡೇಜ್ ಬಟ್ಟೆಯಿಂದ ಅಡ್ಡ ಉದ್ದ ಬಿಗಿದು ಕಟ್ಟಿತ್ತು.

"ಚಿಕ್ಕಮ್ಮ, ಇದನ್ನ ಅಮ್ಮನ ಕಾಲ ಹತ್ರ ಇಡ್ಬೇಕು. ಅವರೇ ಹೇಳಿದ್ರು."

"ಏನದು?"

"ಅಮ್ಮನ ಹಡಗು."

ತಂಗಿ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಹಡಗು ಇನ್ನೂ ಇದೆಯಾ ಎಂದು ಕೇಳಿದಳು. ಮೂವತ್ತಾರು ವರ್ಷಗಳಿಂದ ಆ ಪದ ಅಕ್ಕತಂಗಿಯರ ನಡುವೆ ಬಂದಿರಲಿಲ್ಲ.

"ನಿಮಗೆ ಗೊತ್ತಿಲ್ವಾ?" ಎಂದಳು ಮಗಳು, ನಿಜವಾಗಿಯೂ ಬೆರಗಾಗಿ. ತಾನು ಕೆಲಸಕ್ಕಿದ್ದ ಔಷಧಿ ಅಂಗಡಿ ಮಧ್ಯಾಹ್ನ ಮುಚ್ಚುತ್ತಿದ್ದ ಎರಡು ಗಂಟೆ ಹೊತ್ತು ಅಮ್ಮ ದಿನವೂ ಆ ಹಡಗಿನ ಕತೆಯ ಮುಂದೆಯೇ ಕೂರುತ್ತಿದ್ದಳಂತೆ. ಒಂದು ಸಾಲು ಹೊಡೆದುಹಾಕಿ ಎರಡು ರೀತಿ ಬರೆದು, ಯಾವುದು ಚೆನ್ನಾಗಿದೆ ಎಂದು ಅಪ್ಪನನ್ನು ಕೇಳುತ್ತಿದ್ದಳಂತೆ. ಅಪ್ಪ ಪೇಪರಿನಿಂದ ತಲೆ ಎತ್ತದೆ "ಎರಡನೇದು" ಎನ್ನುತ್ತಿದ್ದನಂತೆ, ಸಾಯುವ ತನಕ ಅದೊಂದೇ ಉತ್ತರ. ಪಕ್ಕದ ಮನೆಯವರಿಗೂ ಅಮ್ಮನ ಹಡಗು ಗೊತ್ತಂತೆ. "ನೀವು ಬರ್ತೀರಿ ಅಂದ್ರೆ ಮಾತ್ರ ಎಲ್ಲ ಎತ್ತಿಡ್ತಿದ್ರು," ಎಂದವಳು, ಚಿಕ್ಕಮ್ಮನ ಮುಖ ನೋಡಿ ತುಟಿ ಕಚ್ಚಿಕೊಂಡಳು.

"ಜೊತೇಲೇ ಕಳಿಸು ಅಂತ ಯಾಕೆ ಹೇಳಿದ್ಲು?"

"ನಗೋರ ಕೈಗೆ ಸಿಗಬಾರ್ದು ಅಂತ ವರ್ಷಗಳ ಹಿಂದೇನೇ ಹೇಳಿಟ್ಟಿದ್ರು."

ಯಾರು ನಕ್ಕಿದ್ದರೆಂದು ಮಗಳಿಗೆ ಗೊತ್ತಿರಲಿಲ್ಲ. ಅವಳು ಡಬ್ಬವನ್ನು ಇಸ್ತ್ರಿ ಮೇಜಿನ ತುದಿಗಿಟ್ಟು, ಪಟ್ಟಿಯಲ್ಲಿ ಒಂದು ಗೀಟು ಎಳೆದು ಹೊರಗೆ ಹೋದಳು.

*

ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಹಡಗಿನ ಧಾರಾವಾಹಿ ಬರುತ್ತಿದ್ದ ಕಾಲ ಅದು. ಅಕ್ಕನಿಗೆ ಹದಿನೈದು, ತಂಗಿಗೆ ಹನ್ನೊಂದು. ಹಡಗಿನಲ್ಲಿ ಒಬ್ಬ ಕಪ್ತಾನ, ಒಬ್ಬ ವೈದ್ಯೆ, ಬಾಯಿ ಜೋರಿನ ಒಬ್ಬ ಅಡುಗೆಯವಳು. ಒಂದು ಭಾನುವಾರ ಹಡಗು ಮಂಜಿನೊಳಗೆ ಹೋಯಿತು, ಧಾರಾವಾಹಿ ಇಲ್ಲಿಗೆ ಮುಗಿಯಿತೆಂದು ರೇಡಿಯೋದವನು ಕೇಳುಗರಿಗೆ ವಂದನೆ ಹೇಳಿದ. ಅಷ್ಟು ಜನರನ್ನು ಮಂಜಿನಲ್ಲಿ ಬಿಟ್ಟು ವಂದನೆ ಹೇಳುವುದೆಂದರೇನು! ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಉದ್ದ ನೋಟ್‌ಬುಕ್ ತಂದು ಹಡಗನ್ನು ತಾನೇ ಮಂಜಿನಿಂದ ಹೊರಗೆ ತಂದಳು.

ಬರೆದದ್ದನ್ನು ಇಬ್ಬರೂ ಮಂಚದ ಮೇಲೆ ನಿಂತು ಆಡುತ್ತಿದ್ದರು. ಅಕ್ಕ ವೈದ್ಯೆ, ತಂಗಿ ಅಡುಗೆಯವಳು. ಕಪ್ತಾನನ ಪಾಲಿಗೆ ಗೋಡೆಯ ಮೇಲಿನ ಕೋಟು. ಪ್ರತಿ ಸಲವೂ ತಂಗಿಯದು ಒಂದೇ ತಕರಾರು: "ಅಡುಗೆಯವಳಿಗೆ ಇನ್ನೊಂದು ಮಾತು ಕೊಡು." ಅಕ್ಕ ಪೆನ್ಸಿಲ್ ಕಚ್ಚಿಕೊಂಡು, ನೋಡೋಣ ಎನ್ನುತ್ತಿದ್ದಳು. ಹೀಗೆ ಒಂಬತ್ತು ವರ್ಷ ನಡೆಯಿತು. ಪ್ರಾಯಕ್ಕೆ ಬಂದ ಹುಡುಗಿಯರು ಮಂಚ ಮುರಿಯುತ್ತಾರೆಂದು ಅವರ ಅಮ್ಮ ಗೊಣಗುತ್ತಲೇ ಇದ್ದಳು.

ಅಕ್ಕನ ಮದುವೆ ಗೊತ್ತಾಗಿ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತ ದಿನ ತಂಗಿಯ ನಾಲಿಗೆ ತುರಿಸಿತು. ನಮ್ಮಕ್ಕ ಏನೆಲ್ಲ ಬರೆಯುತ್ತಾಳೆ ಗೊತ್ತಾ ಎಂದು ನೋಟ್‌ಬುಕ್ ತಂದು, ಕುರ್ಚಿ ಹತ್ತಿ ನಿಂತು ಓದಿದಳು. ಜ್ವರ ಬಂದ ಕಪ್ತಾನನ ಹಣೆ ಮುಟ್ಟಿ ವೈದ್ಯೆ ಹೇಳುವ ಮಾತು: "ನಿಮ್ಮ ಜ್ವರ ಇಳಿದರೆ ನನ್ನದು ಏರುತ್ತದೆ." ಧ್ವನಿ ಬದಲಿಸಿ, ಕಣ್ಣು ಮಿಟುಕಿಸಿ ಓದಿದಳು. ಹುಡುಗನ ಸೋದರಮಾವ ಹುಡುಗನ ಹಣೆ ಮುಟ್ಟಿ, ನಿನಗೆಷ್ಟಪ್ಪ ಜ್ವರ ಎಂದ. ಮನೆಯೇ ಬಿದ್ದುಹೋಗುವಂತೆ ನಕ್ಕರು. ಹುಡುಗನೂ ನಕ್ಕ. ತಂಗಿಗೆ ಇನ್ನೂ ಹುರುಪು ಬಂತು. ಆದರೆ ಪುಟ ಮುಗಿದಿತ್ತು. ತಿರುವುವುದರೊಳಗೆ ಅಕ್ಕ ಎದ್ದು ಬಂದು ಪುಸ್ತಕವನ್ನು ಮೆತ್ತಗೆ ತೆಗೆದುಕೊಂಡಳು.

"ಮುಗೀತಾ?" ಎಂದು ಕೇಳಿದಳು. ಅಷ್ಟೇ.

ತಿಂಗಳು ಕಳೆದ ಮೇಲೆ, ಬರೀತಿಲ್ವಾ ಎಂದು ತಂಗಿ ಕೇಳಿದಾಗ "ಬಿಟ್ಟೆ" ಎಂದಳು. ಆಮೇಲೆ ಇಬ್ಬರೂ ಎಷ್ಟೋ ಮಾತಾಡಿದರು: ಮಕ್ಕಳ ಹಲ್ಲು, ತರಕಾರಿ ರೇಟು, ರಕ್ತದ ಒತ್ತಡ. ತಪ್ಪಾಯಿತು ಎನ್ನುವ ಒಂದು ಮಾತು ಮಾತ್ರ ತಂಗಿಯ ಬಾಯಿಗೆ ಬರಲಿಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಹೊರಡುವ ಬಸ್ಸುಗಳನ್ನು ಕೂಗುವುದು ಅವಳ ಉದ್ಯೋಗ. ದಿನಕ್ಕೆ ಐವತ್ತು ಸಲ ಸಾವಿರ ಜನರಿಗೆ ಕೇಳುವಂತೆ ಮಾತಾಡುವವಳಿಗೆ ಅಡುಗೆಮನೆಯಲ್ಲಿ ಒಬ್ಬಳಿಗೆ ಕೇಳುವಂತೆ ಹೇಳಲಾಗಲಿಲ್ಲ. ಅಕ್ಕನ ಕೈಯಿಂದ ಪೆನ್ಸಿಲ್ ಕಿತ್ತವಳು ತಾನು ಎಂದುಕೊಂಡೇ ಅವಳು ಮುದುಕಿಯಾದಳು.

*

ಔಷಧಿ ಅಂಗಡಿಯ ಯಜಮಾನರನ್ನು ಎಲ್ಲರೂ ಕಂಪೌಂಡರ್ ಎಂದೇ ಕರೆಯುತ್ತಿದ್ದರು. ಎಪ್ಪತ್ತೈದು ದಾಟಿದ ಅವರು ಕುಡಿಯುವ ನೀರು ಹುಡುಕಿಕೊಂಡು ಒಳಕೋಣೆಗೆ ಬಂದವರು, ಮೇಜಿನ ಮೇಲಿನ ಡಬ್ಬ ಕಂಡು ಅಲ್ಲೇ ನಿಂತರು. ಅಕ್ಕ ಇಪ್ಪತ್ತೆಂಟು ವರ್ಷ ಅವರ ಕೌಂಟರಿನಲ್ಲಿ ಕೂತು ಸೀಸೆಗಳಿಗೆ ಚೀಟಿ ಬರೆದು ಅಂಟಿಸಿದವಳು.

"ನನ್ನ ಚೀಟಿಗಳು," ಎಂದರು ಕಂಪೌಂಡರ್, ನಗಲೋ ಅಳಲೋ ತಿಳಿಯದವರಂತೆ. ಅಂಗಡಿಯ ವಿಳಾಸ ಬದಲಾದಾಗ ಹಳೆಯ ಚೀಟಿಗಳು ಕಟ್ಟುಗಟ್ಟಲೆ ಉಳಿದವಂತೆ. ಹಿಂದುಗಡೆ ಗೋಂದು ಇರುವಂಥವು, ನಾಲಿಗೆಗೆ ತಾಗಿಸಿದರೆ ಅಂಟುತ್ತವೆ. ಅಕ್ಕ ಅವನ್ನೆಲ್ಲ ಮನೆಗೆ ಒಯ್ದಳಂತೆ. ಬೇಡದ ಸಾಲಿನ ಮೇಲೆ ಒಂದು ಚೀಟಿ ಅಂಟಿಸಿ, ಹೊಸದಾಗಿ ಬರೆಯುವುದು ಅವಳ ಪದ್ಧತಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೊಸ ಸಾಲನ್ನು ಅವರಿಗೆ ಓದಿ ಹೇಳುತ್ತಿದ್ದಳಂತೆ.

"ನಾಲ್ಕೇ ಅಧ್ಯಾಯ, ಅಮ್ಮ. ಅದನ್ನೇ ತಿದ್ದೋದು, ಅದನ್ನೇ ತಿದ್ದೋದು. ಯಾವಾಗ ಮುಗಿಯತ್ತೆ ಅಂತ ನಾನೊಂದ್ಸಲ ಕೇಳ್ದೆ. 'ಯಾಕ್ ಸರ್ ಮುಗೀಬೇಕು? ಅಲ್ಲಿ ಅಷ್ಟು ಚೆನ್ನಾಗಿದೆ' ಅಂದ್ರು."

ಅವರು ನೀರು ಕುಡಿಯುವುದನ್ನು ಮರೆತು ಹೊರಗೆ ಹೋದರು. ತಂಗಿಗೆ ಮೊದಲು ಆದದ್ದು ಸಮಾಧಾನ. ಅಕ್ಕ ಬಿಟ್ಟಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಔಷಧಿ ಅಂಗಡಿಯವರಿಗೆ ಓದಿ ಹೇಳಿದವಳು ತನಗೆ ಹೇಳಲಿಲ್ಲ. ನಗುವವರು ಎಂದರೆ ತಾನೇ. ಅಕ್ಕ ಆ ಸಿಟ್ಟನ್ನು ಇಟ್ಟುಕೊಂಡೇ ಹೋದಳೇ? ಇದೊಂದು ತಿಳಿಯಬೇಕಿತ್ತು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಎರಡು ಗಂಟೆಗೆ ಡಬ್ಬದ ಮೇಲೆ ಮರದ ಮುಚ್ಚಳ ಬೀಳುತ್ತದೆ, ಆಮೇಲೆ ಕೇಳಲು ಯಾರೂ ಇರುವುದಿಲ್ಲ.

ಅವಳು ಬ್ಯಾಂಡೇಜಿನ ಗಂಟು ಬಿಚ್ಚಿದಳು.

ನೋಟ್‌ಬುಕ್ಕಿನ ಹೊಲಿಗೆ ಬಿಚ್ಚಿದ ಬಿಡಿ ಹಾಳೆಗಳು. ಎಪ್ಪತ್ತು ಪುಟ ಇರಬಹುದು, ಇನ್ನೂರು ಪುಟದಷ್ಟು ದಪ್ಪ. ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಚೀಟಿಗಳು, ಚೀಟಿಯ ಮೇಲೆ ಚೀಟಿಗಳು. ಅಕ್ಕ ಎಷ್ಟು ಮುದ್ದಾಗಿ ಬರೆದಿದ್ದರೂ ಅಚ್ಚಿನ ಅಕ್ಷರಗಳು ಅಲ್ಲಲ್ಲಿ ಇಣುಕುತ್ತಿದ್ದವು. ಸಮುದ್ರದಲ್ಲಿ ಬಿರುಗಾಳಿ ಎದ್ದ ಕಡೆ 'ಚೆನ್ನಾಗಿ ಅಲುಗಾಡಿಸಿ' ಎಂದಿತ್ತು. ಕಪ್ತಾನ ವೈದ್ಯೆಯ ಕೈ ಹಿಡಿದ ಸಾಲಿನ ಕೆಳಗೆ 'ದಿನಕ್ಕೆ ಮೂರು ಬಾರಿ'. ಇದು ಅಕ್ಕನಿಗೆ ಕಾಣದೆ ಇದ್ದೀತೇ? ಬೇಕೆಂದೇ ಅಂಟಿಸಿದ್ದಾಳೆ, ಒಬ್ಬಳೇ ಕೂತು ನಕ್ಕಿದ್ದಾಳೆ. ತಂಗಿಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು.

ಮೂರನೆಯ ಅಧ್ಯಾಯ ಅವಳು ಕಂಡಿರದದ್ದು. ಅಲ್ಲಿ ಅಡುಗೆಯವಳು ವೈದ್ಯೆಯ ದಿನಚರಿಯನ್ನು ಕದ್ದು, ಊಟದ ಕೋಣೆಯಲ್ಲಿ ನಾವಿಕರ ಮುಂದೆ ಜೋರಾಗಿ ಓದುತ್ತಾಳೆ. ಎಲ್ಲರೂ ನಗುತ್ತಾರೆ. ಮಾರನೆಯ ದಿನ ಅಡುಗೆಯವಳು ತಟ್ಟೆ ಹಿಡಿದು ವೈದ್ಯೆಯ ಬಾಗಿಲಿಗೆ ಬರುತ್ತಾಳೆ. ವೈದ್ಯೆ ಏನಂದಳು ಎಂಬ ಜಾಗದಲ್ಲಿ ಚೀಟಿಗಳು ಹಲಗೆಯಷ್ಟು ಗಟ್ಟಿಯಾಗಿ ಕೂತಿದ್ದವು. ಮೇಲಿನದರ ಶಾಯಿ ಹೊಸದು.

'ವೈದ್ಯೆ ಸರಿದು ಕೂರಲು ಜಾಗ ಮಾಡಿದಳು. ಚೆನ್ನಾಗಿ ಓದಿದೆ, ಎಂದಳು. ಮುಂದಿನ ಪುಟ ಯಾಕೆ ಓದಲಿಲ್ಲ?'

ತಂಗಿ ಅದನ್ನು ಎರಡು ಸಲ ಓದಿದಳು. ನಂಬಿಕೆ ಬರಲಿಲ್ಲ. ಅಕ್ಕನಿಗೆ ಕೊನೆಗೆ ಹೊಳೆದ ಮಾತು ಇದು. ನಡುವಿನ ವರ್ಷಗಳಲ್ಲಿ ಏನಿತ್ತು? ಒದ್ದೆ ಬಟ್ಟೆಯನ್ನು ಚೀಟಿಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ತಾಗಿಸಿದಳು. ಆವಿ ಎದ್ದು ಗೋಂದು ಸಡಿಲಾಯಿತು. ಕೆಳಗಿನ ಚೀಟಿಯಲ್ಲಿ, 'ಪರವಾಗಿಲ್ಲ ಬಿಡು, ಎಲ್ಲರೂ ಮರೆತಿದ್ದಾರೆ, ಎಂದಳು ವೈದ್ಯೆ. ಅವಳು ಮರೆತಿರಲಿಲ್ಲ.' ಅದರ ಕೆಳಗೆ, 'ವೈದ್ಯೆ ಬಾಗಿಲು ತೆರೆಯಲಿಲ್ಲ. ತಟ್ಟೆ ಆರಿ ತಣ್ಣಗಾಯಿತು.' ಅದರ ಕೆಳಗೆ, 'ಮುಂದಿನ ಬಂದರಿನಲ್ಲಿ ನೀನು ಇಳಿದುಬಿಡು.' ಅದರ ಕೆಳಗೂ ಇನ್ನೂ ಏಳೆಂಟು ಇದ್ದವು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ತಾಗಿಸಲು ಹೋದಳು.

"ಅಮ್ಮ ಮುಚ್ಚಿದ್ದನ್ನ ಯಾಕೆ ತೆಗೀತೀರಿ, ಚಿಕ್ಕಮ್ಮ?"

ಮಗಳು ಯಾವಾಗ ಬಂದು ನಿಂತಿದ್ದಳೋ. ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು, ಸಡಿಲಾದ ಚೀಟಿಗಳನ್ನು ಇದ್ದ ಕ್ರಮದಲ್ಲೇ ಒಂದರ ಮೇಲೊಂದು ಇಟ್ಟಳು. ಮೇಲಿನದನ್ನು ಗುರುತಿಸಿದಳು. ಹೋದ ವಾರ ಅಂಟಿಸಿದ್ದಂತೆ ಅದು. ಅವತ್ತು ಅಮ್ಮ ಮೇಜಿನಿಂದ ಎದ್ದು ಬಂದು, ಸಿಕ್ತು ಸಿಕ್ತು ಎಂದು ಮಗಳ ಕೆನ್ನೆ ಹಿಂಡಿದ್ದಳಂತೆ. ಎಷ್ಟು ವರ್ಷದಿಂದ ಹುಡುಕುತ್ತಿದ್ದೆ ಗೊತ್ತಾ ಎಂದಿದ್ದಳಂತೆ.

"ಆ ಭಾನುವಾರ ನಿಮಗೆ ಫೋನ್ ಮಾಡ್ಬೇಕು ಅಂತಿದ್ರು," ಎಂದಳು ಮಗಳು. "ಆಮೇಲೆ ಎದೆನೋವು ಬಂತಲ್ಲ."

ತಂಗಿ ಹೊರಗಿನವರಿಗೆ ಕೇಳಿಸುವಂತೆ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಮಗಳ ಜೊತೆ ಸೇರಿ ಅಕ್ಕನಿಗೆ ನೀಲಿ ನಿಲುವಂಗಿ ತೊಡಿಸಿದಳು. ಕಾಲರು ಗರಿಗರಿಯಾಗಿ ನಿಂತಿತು.

*

ಗಾಡಿ ಹತ್ತು ನಿಮಿಷ ಮೊದಲೇ ಬಂತು. ಹಾಲ್‌ನಲ್ಲಿ ಇಪ್ಪತ್ತು ಜನರಿದ್ದರು. ಪಕ್ಕದ ಮನೆಯವರು, ಅಂಗಡಿಯವರು, ಮಗಳ ಶಾಲೆಯವರು. ಮಗಳು ಡಬ್ಬವನ್ನು ಅಕ್ಕನ ಕಾಲ ಬಳಿ ಇಡಲು ಬಗ್ಗಿದಾಗ, ಸ್ವಲ್ಪ ತಡಿ ಎಂದಳು ತಂಗಿ. ಎರಡನೆಯ ಅಧ್ಯಾಯದಿಂದ ಎರಡು ಪುಟ ಹುಡುಕಿ ತೆಗೆದು ಅಕ್ಕನ ತಲೆಯ ಬಳಿ ನಿಂತಳು.

ಅಂದು ಓದಿದ್ದ ಪುಟವನ್ನೇ ಓದಿದಳು. ಧ್ವನಿ ಬದಲಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಕಪ್ತಾನನ ಹಣೆಯ ಮೇಲೆ ವೈದ್ಯೆಯ ಕೈ. "ನಿಮ್ಮ ಜ್ವರ ಇಳಿದರೆ ನನ್ನದು ಏರುತ್ತದೆ." ಯಾರೂ ನಗಲಿಲ್ಲ. ಕಂಪೌಂಡರ್ ತಲೆ ಆಡಿಸಿದರು. ಪುಟ ಮುಗಿಯಿತು. ಮೂವತ್ತಾರು ವರ್ಷ ನಿಂತಿದ್ದ ಜಾಗದಲ್ಲಿ ತಂಗಿ ಉಸಿರೆಳೆದುಕೊಂಡು ಪುಟ ತಿರುವಿದಳು.

ಆ ಪುಟದಲ್ಲಿ ಒಂದು ಚೀಟಿಯೂ ಇರಲಿಲ್ಲ. ಇಪ್ಪತ್ತನಾಲ್ಕರ ಅಕ್ಕನ ದುಂಡು ಅಕ್ಷರ, ಬಣ್ಣ ಮಾಸಿದ ಶಾಯಿ. ಮೊದಲ ಸಾಲಿನಲ್ಲೇ ಅಡುಗೆಯವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು ಹಿಡಿದು. ತಂಗಿಯ ಗಂಟಲಲ್ಲಿ ಹನ್ನೊಂದು ವರ್ಷದ ಹುಡುಗಿಯ ದನಿ ತಾನಾಗಿ ಬಂತು.

"ಜ್ವರ ಇಬ್ಬರಿಗಿದೆ, ಕಂಬಳಿ ಒಂದೇ ಇದೆ. ನೀವೇ ಬಗೆಹರಿಸಿಕೊಳ್ಳಿ, ನನಗೆ ಈರುಳ್ಳಿ ಹೆಚ್ಚುವುದಿದೆ!"

ಮೊದಲು ಪಕ್ಕದ ಮನೆಯಾಕೆ ನಕ್ಕಳು, ಆಮೇಲೆ ಕಂಪೌಂಡರ್. ಮಗಳು ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣೀರು ಸುರಿಸುತ್ತಲೇ ನಕ್ಕಳು. ಬಾಗಿಲಲ್ಲಿ ಟೋಪಿ ತೆಗೆದು ನಿಂತಿದ್ದ ಗಾಡಿಯ ಡ್ರೈವರ್ ಕೂಡ ನಗು ತಡೆಯಲಾರದೆ ತಲೆ ತಗ್ಗಿಸಿದ. ತಂಗಿ ನಗು ಅಡಗುವ ತನಕ ಕಾದು, ಅಡುಗೆಯವಳ ಮಿಕ್ಕ ಮಾತುಗಳನ್ನೂ ಓದಿದಳು. ಪುಟದ ತುಂಬ ಅವಳದೇ ಮಾತುಗಳಿದ್ದವು.

ಓದಿದ ಪುಟಗಳನ್ನು ಡಬ್ಬದಲ್ಲಿ ಅದರದರ ಜಾಗಕ್ಕೆ ಸೇರಿಸಿ ಮುಚ್ಚುವಾಗ, ಮೂರನೆಯ ಅಧ್ಯಾಯದಿಂದ ಮೇಲಿನ ಚೀಟಿಯ ಒಂದು ಮೂಲೆ ಎದ್ದು ಹೊರಗೆ ಇಣುಕುತ್ತಿರುವುದು ಕಂಡಿತು. ಆವಿ ತಾಗಿ ಸಡಿಲಾಗಿದ್ದ ಚೀಟಿ. ತಂಗಿ ಅದನ್ನು ಎತ್ತಿ ಹಿಂಬದಿಯ ಗೋಂದನ್ನು ನಾಲಿಗೆಗೆ ತಾಗಿಸಿದಳು. ಮೂಲೆಗೆ ಮೂಲೆ ಸರಿಯಾಗಿ ಕೂರಿಸಿ, ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಡ್ರೈವರ್ ಗಡಿಯಾರ ನೋಡಿಕೊಂಡ. ಮಗಳು ಅವನಿಗೆ ಕೈಸನ್ನೆ ಮಾಡಿದಳು. ಎರಡು ಗಂಟೆ ಹೊಡೆದು ಮುಗಿದ ಮೇಲೂ ತಂಗಿ ಹೆಬ್ಬೆರಳು ಎತ್ತದೆ, ಗೋಂದು ಒಣಗುವ ತನಕ ಒತ್ತಿ ಹಿಡಿದೇ ಇದ್ದಳು.